ಭಾವನ ಪಾಠ ನೋಡಲು ಬರುವವರು

ನಮ್ಮ ಭಾವನವರು ಪ್ರತಿ ತಿಂಗಳ ಮೊದಲ ಗುರುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಲೆಗೆ ಒಂದಿಷ್ಟು ಎಣ್ಣೆ ಹಚ್ಚಿ, ಸತ್ತವರೊಬ್ಬರ ಕೈಲಿ ಬೈಸಿಕೊಳ್ಳಲು ಶಾಲೆಗೆ ಹೋಗುತ್ತಾರೆ. ನಗಬೇಡಿ! ಬದುಕಿರುವವರ ಕೈಲಿ ಬೈಸಿಕೊಳ್ಳುವುದಕ್ಕೆ ನಾವು ಯಾರಾದರೂ ಇಷ್ಟು ತಯಾರಾಗಿ ಹೋಗುತ್ತೇವೆಯೇ? ನಾನಂತೂ ನಮ್ಮ ಹೆಡ್‌ಮಾಸ್ಟರ ಹತ್ತಿರ ಬೈಸಿಕೊಳ್ಳಲು ಹಿಂದಿನ ದಿನದ ಅಂಗಿಯಲ್ಲೇ ಹೋಗುತ್ತೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ನಾವು ಅರಸೀಕೆರೆಯವರು, ಅಕ್ಕನನ್ನು ಕೊಟ್ಟದ್ದು ಹಳೇಬೀಡಿಗೆ. ಭಾವ ಅಲ್ಲೇ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ನಾನೂ ಇಂಗ್ಲಿಷ್ ಮೇಷ್ಟ್ರೇ, ಮಾದಿಹಳ್ಳಿ ಕಡೆಯ ಶಾಲೆಯಲ್ಲಿ. ಇಬ್ಬರಿಗೂ ಇರುವ ವ್ಯತ್ಯಾಸ ಇಷ್ಟೇ: ಬೇಲೂರಿನಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಎಂದು ಆದೇಶ ಬಂದರೆ ನನಗೆ ಬೆನ್ನುನೋವು ಬರುತ್ತದೆ, ಭಾವನಿಗೆ ಇದ್ದ ಬೆನ್ನುನೋವು ಹೋಗುತ್ತದೆ. ಅಲ್ಲಿ ಮೊದಲ ದಿನವೇ ನಡುವಯಸ್ಸು ದಾಟಿದ ನಮ್ಮನ್ನೆಲ್ಲ ದುಂಡಗೆ ನಿಲ್ಲಿಸಿ, ಚಪ್ಪಾಳೆ ಹೊಡೆಸಿ, ಕಪ್ಪೆಯ ಹಾಗೆ ಕುಪ್ಪಳಿಸಲು ಹೇಳುತ್ತಾರೆ. ಹುಮ್ಮಸ್ಸು ಬರಲಿ ಎಂದಂತೆ! ನಾವೆಲ್ಲ ಮಂಡಿ ಹಿಡಿದುಕೊಂಡು ಊಟದ ಹೊತ್ತು ಕಾಯುತ್ತಿದ್ದರೆ, ಭಾವ ಒಬ್ಬರೇ ಕೈ ಎತ್ತಿ, ಇನ್ನೊಂದು ಸುತ್ತು ಆಗಬಹುದೇ ಎಂದು ಕೇಳುತ್ತಾರೆ.

ಒಂದು ಭಾನುವಾರ ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು.

"ಬೇಗ ಬಾರೋ. ನಿಮ್ ಭಾವಂಗೆ ಏನೋ ಮೆಟ್ಕೊಂಡೈತೆ."

ಬೈಕ್ ಹತ್ತಿ ಹೋದೆ. ಕಿಟಕಿ ಬಾಗಿಲು ಎಲ್ಲಾ ಮುಚ್ಚಿದ ಕೋಣೆ. ಒಳಗೆ ಕನ್ನಡಿಯ ಮುಂದೆ ಒಂದು ಮೇಣದಬತ್ತಿ. ಅದರ ಹಿಂದೆ ಭಾವನ ಮುಖ, ಕೆಳಗಿನಿಂದ ಬೆಳಕು ಬಿದ್ದು ಹಳದಿಯಾಗಿತ್ತು. ತುಟಿ ಮಾತ್ರ ಆಡುತ್ತಿತ್ತು. "ಪ್ಹ... ಪ್ಹ... ಪ್ಹ..." ಒಂದೊಂದು ಸಲಕ್ಕೂ ದೀಪ ಬಾಗುತ್ತಿತ್ತು, ಗೋಡೆಯ ಮೇಲಿನ ನೆರಳೂ ಬಾಗುತ್ತಿತ್ತು. ನನ್ನ ಬೆನ್ನ ಹಿಂದೆ ಅಕ್ಕ ನಿಂಬೆಹಣ್ಣು ಹಿಡಿದು ನಿಂತಿದ್ದಳು. ನಾನು ಅಕ್ಕನ ಬೆನ್ನ ಹಿಂದಕ್ಕೆ ಹೋದೆ. ಆಮೇಲೆ ಗೊತ್ತಾಯಿತು, ಇಂಗ್ಲಿಷಿನವರ ಹಾಗೆ ‘ಪಿ’ ಅಕ್ಷರ ಹೇಳಿದರೆ ಬಾಯಿಂದ ಗಾಳಿ ಹೊರಟು ದೀಪ ಅಲ್ಲಾಡಬೇಕೆಂದು ತರಬೇತಿಯಲ್ಲಿ ಕಲಿಸಿದ್ದರಂತೆ. ಹೊರಗಿನ ಗಾಳಿ ಸೇರಿ ಲೆಕ್ಕ ತಪ್ಪಬಾರದೆಂದು ಕಿಟಕಿ ಮುಚ್ಚಿದ್ದರಂತೆ! ಅಕ್ಕ ಆ ನಿಂಬೆಹಣ್ಣಿನಲ್ಲೇ ಪಾನಕ ಮಾಡಿ ಕೊಟ್ಟಳು.

ಅದು ನಗುವ ಭಯ. ಇನ್ನೊಂದು ಭಯ ಶುರುವಾದದ್ದು ಜೋಡಿ ಪದ್ಧತಿಯಿಂದ.

ತರಬೇತಿಯಲ್ಲಿ ಇಬ್ಬಿಬ್ಬರು ಮೇಷ್ಟ್ರನ್ನು ಒಂದು ಜೋಡಿ ಮಾಡುತ್ತಾರೆ. ತಿಂಗಳಿಗೊಮ್ಮೆ ಒಬ್ಬರು ಇನ್ನೊಬ್ಬರ ತರಗತಿಗೆ ಹೋಗಿ, ಹಿಂದೆ ಕೂತು ಪಾಠ ನೋಡಿ, ಒಂದು ಫಾರಂ ತುಂಬಬೇಕು. ಕಪ್ಪು ಹಲಗೆಯ ಬಳಕೆ, ಪ್ರಶ್ನೆ ಕೇಳುವ ರೀತಿ, ಮಕ್ಕಳು ಮಾತಾಡಿದರೋ ಇಲ್ಲವೋ, ಶಿಕ್ಷಕರ ಉತ್ಸಾಹ, ಹೀಗೆ ಉದ್ದದ ಪಟ್ಟಿ. ಒಂದೊಂದರ ಮುಂದೆಯೂ ಅತ್ಯುತ್ತಮ, ಉತ್ತಮ, ಸಾಧಾರಣ ಎಂಬ ಮನೆಗಳು. ನಾವೆಲ್ಲ ಇದನ್ನು ಹೇಗೆ ಮಾಡುತ್ತೇವೆ ಎಂದು ಕೇಳುತ್ತೀರಾ? ಬೇಲೂರು ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಎದುರುಬದುರು ಕೂತು, ದೋಸೆ ಬರುವುದರೊಳಗೆ ಮುಗಿಸುತ್ತೇವೆ. ನನ್ನ ಜೋಡಿಯವರ ಶಾಲೆ ರಸ್ತೆಯ ಎಡಕ್ಕಿದೆಯೋ ಬಲಕ್ಕಿದೆಯೋ ನನಗೆ ತಿಳಿಯದು. ಆದರೆ ಅವರ ಕಪ್ಪು ಹಲಗೆಯ ಬಳಕೆ ಅತ್ಯುತ್ತಮ!

ಭಾವನಿಗೆ ಜೋಡಿಯಾಗಿ ಸಿಕ್ಕವರು ಅರೇಹಳ್ಳಿ ಕಡೆಯ ಒಬ್ಬ ಮೇಷ್ಟ್ರು. ಅವರೂ ಇಂಥದೇ ಗಿರಾಕಿ. ಎರಡು ಬಸ್ಸು ಬದಲಾಯಿಸಿ ಮೊದಲ ಗುರುವಾರ ತಪ್ಪದೆ ಬರುತ್ತಿದ್ದರು; ಮೂರನೇ ಗುರುವಾರ ಭಾವ ಅಲ್ಲಿಗೆ ಹೋಗುತ್ತಿದ್ದರು. ಅವರಿಗೆಂದೇ ಭಾವ ಒಂದು ಹಳೆಯ ಮರದ ಕುರ್ಚಿ ತರಿಸಿ ಕೊನೆಯ ಸಾಲಿನ ಹಿಂದೆ, ಕಿಟಕಿಯ ಪಕ್ಕ ಹಾಕಿಸಿದ್ದರು. ಪಾಠ ಮುಗಿದ ಮೇಲೆ ಮಕ್ಕಳ ಮುಂದೆಯೇ ವಿಚಾರಣೆ.

"ಏನ್ರೀ ಇದು, ಪೀರಿಯಡ್ ಪೂರ್ತಿ ನೀವೊಬ್ರೇ ಮಾತಾಡಿದ್ರಿ. ಮಕ್ಕಳು ಇಂಗ್ಲಿಷ್ ಮಾತಾಡೋದು ಯಾವಾಗ? ನೀವು ಉಸಿರು ತಗೊಂಡಾಗಲಾ?"

"ಪ್ರಶ್ನೆ ಕೇಳಿದ್ನಲ್ಲ ಮೇಷ್ಟ್ರೇ?"

"ಕೇಳಿದ್ರಿ. ಉತ್ತರಾನೂ ನೀವೇ ಹೇಳಿದ್ರಿ. ಭೇಷ್ ಅಂತಾನೂ ನೀವೇ ಅಂದ್ಕೊಂಡ್ರಿ."

ತಮ್ಮ ಮೇಷ್ಟ್ರನ್ನು ಬೈಯುವ ಮೇಷ್ಟ್ರನ್ನು ಕಂಡು ಮಕ್ಕಳಿಗೆ ಪರಮಾನಂದ. ಭಾವನೂ ಬೈಗುಳ ತಿಂದು, ಹಳೇಬೀಡಿನ ಬಸ್ ನಿಲ್ದಾಣದವರೆಗೆ ಅವರ ಜೊತೆ ಜಗಳವಾಡುತ್ತಾ ನಡೆದು, ಬಸ್ ಹತ್ತಿಸಿ, ಮನೆಗೆ ಬಂದು ಎರಡು ತುತ್ತು ಜಾಸ್ತಿ ಊಟ ಮಾಡುತ್ತಿದ್ದರು.

ಎರಡು ವರ್ಷದ ಹಿಂದೆ ಆ ಮೇಷ್ಟ್ರು ಎದೆನೋವು ಬಂದು ತೀರಿಕೊಂಡರು. ಭಾವ ಮಣ್ಣಿಗೆ ಹೋಗಿ ಬಂದರು, ಸ್ನಾನ ಮಾಡಿದರು. ಮುಂದಿನ ತಿಂಗಳ ಮೊದಲ ಗುರುವಾರ ಇಸ್ತ್ರಿ ಅಂಗಿ ಕೇಳಿದರು. ತರಗತಿಗೆ ಹೋಗಿ ಕುರ್ಚಿಯನ್ನು ಒರೆಸಿ, ಅದರ ಮೇಲೆ ಒಂದು ಖಾಲಿ ಫಾರಂ, ಒಂದು ಪೆನ್ನು ಇಟ್ಟು ಪಾಠ ಶುರು ಮಾಡಿದರು. ಗಂಟೆ ಹೊಡೆದ ಮೇಲೆ ಫಾರಂ ಎತ್ತಿಕೊಂಡು, ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಿ, ತಲೆ ತಗ್ಗಿಸಿ, ಫೈಲಿಗೆ ಸೇರಿಸಿದರು.

ಆ ಫೈಲು ಅಕ್ಕನ ಕೈಗೆ ಸಿಕ್ಕಿತು. ನನ್ನನ್ನು ಕರೆದು ತೋರಿಸಿದಳು. ಒಂದರ ಕೆಳಗೊಂದು ಫಾರಂ. ಎಲ್ಲದರಲ್ಲೂ ಭಾವನ ಕೈಯಲ್ಲಿ ತಾರೀಖು, ಉಳಿದದ್ದೆಲ್ಲ ಖಾಲಿ. ಏನಾದರೂ ಬರೆದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಬಿಳಿ ಹಾಳೆಗಳನ್ನು ಕೊನೆಯವರೆಗೆ ಮಗುಚಿ, ಫೈಲನ್ನು ಇದ್ದಲ್ಲೇ ಇಟ್ಟುಬಿಟ್ಟೆ.

ಅದಕ್ಕಿಂತ ವಿಚಿತ್ರ ಇನ್ನೊಂದಿದೆ. ಭಾವನ ಪಾಠ ಬದಲಾಯಿತು! ಹಿಂದೆ ಅವರ ದನಿ ರಸ್ತೆಯವರೆಗೆ ಕೇಳುತ್ತಿತ್ತು. ಈಗ ಒಂದು ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುತ್ತಾರೆ. ಮಕ್ಕಳೂ ಸುಮ್ಮನೆ ಇರುತ್ತಾರೆ. ಆಮೇಲೆ ಯಾವುದೋ ಮಗು ಎದ್ದು ತಪ್ಪೋ ಸರಿಯೋ ಇಂಗ್ಲಿಷಿನಲ್ಲಿ ಹೇಳುತ್ತದೆ. ಆ ನಡುವಿನ ಮೌನದಲ್ಲಿ ವರಾಂಡದಲ್ಲಿ ನಿಂತರೆ ಯಾರೋ ಪೆನ್ನಿನಲ್ಲಿ ಬರೆಯುವ ಸದ್ದು ಕೇಳುತ್ತದೆ ಎಂದು ಆ ಶಾಲೆಯ ವಿಜ್ಞಾನದ ಮೇಡಂ ಆಣೆ ಮಾಡಿ ಹೇಳಿದರು. ವಿಜ್ಞಾನದ ಮೇಡಂ! ಆ ಕುರ್ಚಿಯ ಮೇಲೆ ಧೂಳೇ ಕೂರುವುದಿಲ್ಲ ಎಂದೂ ಸೇರಿಸಿದರು. ಭಾವನೇ ಒರೆಸುತ್ತಾರೆಂದು ನನಗೆ ಗೊತ್ತು. ಗೊತ್ತಿದ್ದೂ ಮೈ ಜುಮ್ಮೆಂದಿತು.

ಒಮ್ಮೆ ಇಲಾಖೆಯ ಸಾಹೇಬರೊಬ್ಬರು ತಪಾಸಣೆಗೆ ಬಂದರು. ನೇರವಾಗಿ ಹೋಗಿ ಆ ಕುರ್ಚಿಯಲ್ಲಿ ಕೂತೇಬಿಟ್ಟರು. ಇಡೀ ತರಗತಿ ಎದ್ದು ನಿಂತಿತು.

"ಯಾಕ್ರೋ? ಕೂತ್ಕೊಳ್ಳಿ."

"ಅಲ್ ಕೂತ್ಕಬ್ಯಾಡಿ ಸಾ," ಎಂದಳು ಕೊನೆಯ ಬೆಂಚಿನ ಹುಡುಗಿ. "ಮೇಷ್ಟ್ರು ಅವ್ರೆ."

"ಯಾವ ಮೇಷ್ಟ್ರು?"

"ತೀರ್ಕೊಂಡವ್ರು ಸಾ. ನೀವು ಅವ್ರ ತೊಡೆ ಮ್ಯಾಲ್ ಕೂತಿದೀರ."

ಸಾಹೇಬರು ಎದ್ದ ಭರಕ್ಕೆ ಕಿಟಕಿಯ ಚಿಲಕ ಭುಜಕ್ಕೆ ತಗುಲಿತಂತೆ. ತಪಾಸಣೆಯ ವರದಿಯನ್ನು ಜೀಪಿನಲ್ಲಿ ಕೂತು ಬರೆದರು. ಶಿಸ್ತು ಚೆನ್ನಾಗಿದೆ ಎಂದು ಬರೆದರಂತೆ.

ಆದರೆ ಇಂಥ ಸುದ್ದಿ ಊರಿನಲ್ಲಿ ನಿಲ್ಲುತ್ತದೆಯೇ? ಹುಲಿಕೆರೆಯವರೆಗೂ ಹರಡಿತು. ಪೋಷಕರು ಸಭೆ ಸೇರಿ, ಮುಂದಿನ ತಿಂಗಳೊಳಗೆ ಆ ಕುರ್ಚಿ ಹೊರಗೆ ಹೋಗಬೇಕು, ಇಲ್ಲದಿದ್ದರೆ ಮಕ್ಕಳನ್ನು ಬಿಡಿಸಿ ವ್ಯಾನು ಬರುವ ಶಾಲೆಗೆ ಹಾಕುತ್ತೇವೆ ಎಂದರು. ಹೆಡ್‌ಮಿಸ್ ಭಾವನನ್ನು ಕರೆದು ಹೇಳಿದರು. ಭಾವ, "ಕುರ್ಚಿ ತೆಗೆದ್ರೆ ನಾನೂ ರಜಾ ಹಾಕಿ ಮನೇಲಿ ಕೂರ್ತೀನಿ ಮೇಡಂ," ಎಂದರು. ಪಾಠವೇ ಜೀವ ಎಂದಿದ್ದ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿ ಅಕ್ಕ ಒಲೆಯ ಮುಂದೆ ಕೂತು ಅತ್ತಳು.

ಅದೇ ಹೊತ್ತಿಗೆ ಬೇಲೂರಿನಲ್ಲಿ ಹೊಸ ತರಬೇತಿ ಬಂತು, ಹೊಸದಾಗಿ ಜೋಡಿ ಮಾಡುವ ದಿನವೂ ಬಂತು. ಭಾವನ ಹೆಸರು ಓದಿದಾಗ ಕೋಣೆಯಲ್ಲಿ ಯಾರೂ ಕೈ ಎತ್ತಲಿಲ್ಲ. "ಅವ್ರಿಗೆ ಆಗ್ಲೇ ಒಬ್ರು ಇದಾರಲ್ಲ ಮೇಡಂ," ಎಂದು ಯಾರೋ ಹಿಂದಿನಿಂದ ಅಂದರು. ತರಬೇತಿಯ ಮೇಡಂ ನನ್ನ ಹೆಸರು ಬರೆದುಕೊಂಡರು. ಬಂಧುತ್ವಕ್ಕೆ ಇಷ್ಟು ಬೇಗ ದಂಡ ಬೀಳುತ್ತದೆಂದು ನಾನು ತಿಳಿದಿರಲಿಲ್ಲ.

"ಹೋಗಿ ಆ ಕುರ್ಚೀಲಿ ನೀನೇ ಕೂತ್ಕೊಳೋ," ಎಂದಳು ಅಕ್ಕ. "ಜೀವ ಇರೋ ಮನುಷ್ಯ ಕೂತ್ರೆ ಜನದ ಬಾಯಿ ಮುಚ್ಚುತ್ತೆ. ಹೆಂಗಾದ್ರೂ ಮಾಡಿ ಇದನ್ನ ಬಿಡ್ಸು."

ಮೊದಲ ಗುರುವಾರ ಕೊನೆಯ ಪೀರಿಯಡ್ಡಿಗೆ ಹೋದೆ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು, ತೆಂಗಿನ ಗರಿ ಒಂದೂ ಅಲ್ಲಾಡುತ್ತಿರಲಿಲ್ಲ. ಕುರ್ಚಿಯ ಮೇಲಿದ್ದ ಖಾಲಿ ಫಾರಂ ಎತ್ತಿ ಮಡಿಲಲ್ಲಿಟ್ಟುಕೊಂಡು, ಮನಸ್ಸಿನಲ್ಲೇ ಮನೆದೇವರನ್ನು ನೆನೆದು ಕೂತೆ. ಮಕ್ಕಳೆಲ್ಲ ಒಟ್ಟಿಗೆ ತಿರುಗಿ ನೋಡಿದರು, ಒಟ್ಟಿಗೆ ಮುಂದಕ್ಕೆ ತಿರುಗಿದರು. ಭಾವನ ಕೈಯ ಸೀಮೆಸುಣ್ಣ ಒಂದು ಗಳಿಗೆ ನಿಂತು, ಮತ್ತೆ ಬರೆಯಿತು.

ಪ್ರಶ್ನೆ ಕೇಳಿದರು. ಮೌನ. ಆ ಮೌನದಲ್ಲಿ ಅವರು ನೇರ ನನ್ನ ಕಡೆ ನೋಡುತ್ತಿದ್ದರು, ಆದರೆ ನನ್ನನ್ನಲ್ಲ. ನಾನು ಮುಗುಳ್ನಕ್ಕೆ. ಅವರು ನಗಲಿಲ್ಲ. ಮತ್ತೊಂದು ಪ್ರಶ್ನೆ, ಮತ್ತೆ ಮೌನ, ಮತ್ತೆ ಅದೇ ನೋಟ. ಹತ್ತು ನಿಮಿಷ ಹೀಗೇ ಹೋಗುವಷ್ಟರಲ್ಲಿ ನಾನು ಅಲ್ಲಿ ಇದ್ದೇನೋ ಇಲ್ಲವೋ ಎಂದು ನನಗೇ ಅನುಮಾನ ಬಂತು! ಪರೀಕ್ಷೆ ಮಾಡಲು ಒಮ್ಮೆ ಕೆಮ್ಮಿದೆ. ಕೊನೆಯ ಬೆಂಚಿನ ಹುಡುಗಿ ಬೆಚ್ಚಿ, ತಿರುಗಿಯೂ ನೋಡದೆ, ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟಿದಳು:

"ಮೇಷ್ಟ್ರು ಕೆಮ್ಮಿದ್ರು ಕಣೇ."

ನಾನು ಆಮೇಲೆ ಉಸಿರನ್ನೂ ಜೋರಾಗಿ ಬಿಡಲಿಲ್ಲ.

ಗಂಟೆ ಹೊಡೆಯಿತು, ಮಕ್ಕಳು ಚೀಲ ಎತ್ತಿಕೊಂಡು ಓಡಿದರು. ಭಾವ ಬಂದು ಕೈ ಚಾಚಿದರು. ನಾನು ಜೇಬಿನಿಂದ ತುಂಬಿದ ಫಾರಂ ತೆಗೆದು ಕೊಟ್ಟೆ. ಎಲ್ಲ ಮನೆಯಲ್ಲೂ ಅತ್ಯುತ್ತಮ. ಬೆಳಿಗ್ಗೆ ಕಾಫಿ ಕುಡಿಯುತ್ತಾ ತುಂಬಿದ್ದೆ. ಒಳ್ಳೆಯದನ್ನೇ ಬರೆದಿದ್ದೇನಲ್ಲ, ಯಾರಿಗೇನು ನಷ್ಟ?

ಭಾವ ಓದಿದರು. ಅವರ ಮುಖದ ಬಣ್ಣ ಇಳಿಯಿತು.

"ಅಕ್ಷರ ಎಷ್ಟು ನೀಟಾಗಿದೆ," ಎಂದರು ಮೆಲ್ಲಗೆ. "ಮನೇಲೇ ಬರ್ಕೊಂಡ್ ಬಂದ್ಯೇನೋ?"

ನಾನು ಮಡಿಲಲ್ಲಿದ್ದ ಖಾಲಿ ಫಾರಂ ಕಡೆ ಕಣ್ಣು ಇಳಿಸಿದೆ.

"ನಾನು ಬಸ್ಸಲ್ಲಿ ಬರ್ದಿದ್ದೆ. ಕೊನೇ ಸಲ ಅರೇಹಳ್ಳಿಗೆ ಹೋಗುವಾಗ. ಕಿರುಪರೀಕ್ಷೆ ಪೇಪರ್ ತಿದ್ದೋದು ಬಾಕಿ ಇತ್ತು. ಫಾರಂ ಬಸ್ಸಲ್ಲೇ ಮುಗಿಸಿ, ಅವರ ಕ್ಲಾಸಲ್ಲಿ ಹಿಂದೆ ಕೂತು ತಲೆ ಬಗ್ಗಿಸಿ ಪೇಪರ್ ತಿದ್ದಿದೆ. ಪಾಠ ಮಾಡ್ತಾ ಮಾಡ್ತಾ ಅವ್ರು ಮೂರು ಸಲ ಮೇಜು ಹಿಡ್ಕೊಂಡು ನಿಂತಿದ್ರಂತೆ. ಬೆವರು ಒರೆಸ್ಕೊಂಡ್ರಂತೆ. ಮಣ್ಣಿಗೆ ಹೋದಾಗ ಅಲ್ಲಿನ ಮಕ್ಕಳು ಹೇಳಿದ್ರು. ನಾನು ನೋಡಲೇ ಇಲ್ಲ ಕಣೋ. ಅದೇ ಕೋಣೇಲಿದ್ದೆ! ಶಿಕ್ಷಕರ ಉತ್ಸಾಹ, ಅತ್ಯುತ್ತಮ ಅಂತ ಬರ್ದು ಕೊಟ್ಟೆ."

"ಭಾವ..."

"ಅವ್ರು ಓದಿ ನಕ್ಕರು. ಅಕ್ಷರ ಅಲ್ಲಾಡಿದೆ, ಬಸ್ಸಲ್ಲಿ ಬರೆದ ಹಾಗಿದೆ ಅಂದ್ರು. ಬೈಯಲಿಲ್ಲ ಕಣೋ. ಪರವಾಗಿಲ್ಲ ಬಿಡಿ, ಮೊದಲ ಗುರುವಾರ ನಾನು ಬಂದು ಸರಿಯಾಗಿ ನೋಡ್ತೀನಿ, ನೋಡೋದು ಹೇಗೆ ಅಂತ ಕಲಿಸ್ತೀನಿ ಅಂದ್ರು. ಎಂಟು ದಿನಕ್ಕೆ ಹೋದ್ರು." ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, "ಬರ್ತೀನಿ ಅಂದಿದ್ರಲ್ಲ," ಎಂದರು.

ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಫಾರಂ ಅವರ ಕೈಯಿಂದ ಕಿತ್ತುಕೊಂಡು ಹರಿದೆ.

"ಇನ್ನೊಂದ್ ಸಲ ಪಾಠ ಮಾಡಿ ಭಾವ. ನೋಡ್ತೀನಿ."

"ಮಕ್ಕಳೇ ಇಲ್ಲವಲ್ಲೋ."

"ನಾನಿದೀನಿ."

ಅವರು ಹಲಗೆ ಒರೆಸಿ ಮೊದಲಿನಿಂದ ಶುರು ಮಾಡಿದರು. ಖಾಲಿ ಬೆಂಚುಗಳಿಗೆ ನಮಸ್ಕಾರ ಹೇಳಿದರು. ಖಾಲಿ ಬೆಂಚುಗಳಿಗೆ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾದರು. ಬೇರೆ ದಿನವಾಗಿದ್ದರೆ ನಾನು ಬಾಗಿಲಿನತ್ತ ಓಡುತ್ತಿದ್ದೆ. ಅವತ್ತು ಮಡಿಲಿನ ಖಾಲಿ ಫಾರಂ ಕೆಳಗಿಟ್ಟು ಅವರ ಮುಖವನ್ನೇ ನೋಡಿದೆ. ಆ ಉದ್ದದ ಪಟ್ಟಿಯಲ್ಲಿ ಮೇಷ್ಟ್ರ ಮುಖಕ್ಕೆಂದು ಒಂದು ಮನೆಯೂ ಇರಲಿಲ್ಲ. ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು, ಕೆನ್ನೆ ಒಳಗೆ ಹೋಗಿತ್ತು. ವಾರಕ್ಕೊಮ್ಮೆ ಅವರ ಮನೆಯಲ್ಲಿ ಉಂಡು, ತಮಾಷೆ ಮಾಡಿ, ಊರಿಗೆಲ್ಲ ಅವರ ಕಥೆ ಹೇಳಿ ನಗಿಸಿದವನು ನಾನು. ಇದನ್ನು ನೋಡಿರಲೇ ಇಲ್ಲ.

"ಭಾವ," ಎಂದೆ, ಪಾಠದ ನಡುವೆಯೇ. "ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

ಸೀಮೆಸುಣ್ಣ ಹಿಡಿದ ಕೈ ಕೆಳಗಿಳಿಯಿತು. ಅವರು ಪಠ್ಯಪುಸ್ತಕ ಮುಚ್ಚಿ ನಿಧಾನವಾಗಿ ನಡೆದು ಬಂದು, ನನ್ನ ಮುಂದಿನ ಬೆಂಚಿನಲ್ಲಿ, ಮಕ್ಕಳು ಕೂರುವ ಜಾಗದಲ್ಲಿ ಕೂತರು.

"ಅವ್ರು ಹೋದಾಗಿಂದ ಸರಿಯಾಗಿ ಇಲ್ಲ ಕಣೋ," ಎಂದರು. "ನೀನಾದ್ರೂ ಕೇಳಿದ್ಯಲ್ಲ."

ಡೆಸ್ಕಿನ ಮೇಲೆ ಕೈ ಮಡಚಿ ತಲೆ ಇಟ್ಟರು. ಅಳುತ್ತಾರೇನೋ ಎಂದು ನಾನು ಕಾದೆ. ಸ್ವಲ್ಪ ಹೊತ್ತಿಗೆ ಸಣ್ಣಗೆ ಗೊರಕೆ ಕೇಳಿತು. ಜವಾನ ಬೀಗ ಹಾಕಲು ಬಂದು ಇಣುಕಿದ. ಆಮೇಲೆ ಬಾ ಎಂದು ಕೈಸನ್ನೆ ಮಾಡಿದೆ.

ಅಷ್ಟರಲ್ಲಿ ನನ್ನ ಫೋನು ಗುರುಗುಟ್ಟಿತು. ಅಕ್ಕ.

"ಏನಾಯ್ತೋ? ಆ ಕುರ್ಚಿ ತೆಗ್ಸಿದ್ಯಾ?"

"ಕುರ್ಚೀಲಿ ನಾನೇ ಕೂತಿದೀನಿ ಕಣಕ್ಕ," ಎಂದೆ. "ಮೆಲ್ಲಗೆ ಮಾತಾಡು, ಭಾವ ಮಲಗಿದಾರೆ."