ಹಾಡಿದವಳಿಗೆ ನೆಗಡಿ

ಪುಟ್ಟಲಿಂಗಮ್ಮನ ಮನೆ ರೇಡಿಯೋಗೆ ಎರಡೇ ಗತಿ. ಒಂದು, ಬಾಯಿ ಮುಚ್ಚಿಕೊಂಡಿರೋದು. ಇನ್ನೊಂದು, ಬೀದಿಗೆಲ್ಲ ಕೇಳೋ ಹಾಗೆ ಅರಚೋದು. ನಡುವೆ ಏನೂ ಇಲ್ಲ. ಆರು ವರ್ಷದಿಂದ ಹಿಂಗೇ. ಸೌಂಡಿನ ಗುಂಡಿ ಎತ್ತ ತಿರುಗಿಸಿದರೂ ಸುಮ್ಮನೆ ಗಿರಗಿರ ಅನ್ನೋದು. ಕಂಬಳಿ ಹೊದಿಸಿ ನೋಡಿದಳು. ಅಕ್ಕಿ ಡ್ರಮ್ಮಿನೊಳಗಿಟ್ಟು ಮುಚ್ಚಳ ಹಾಕಿ ನೋಡಿದಳು. (ವಾರ್ತೆಗಳು ಅಕ್ಕಿಯೊಳಗಿಂದ ಬಂದವು. ಅಷ್ಟೇ ವ್ಯತ್ಯಾಸ.)

"ಒಳಗೆ ಸುಟ್ಟೋಗದೆ ಕಣೆ. ಆ ಪಾರ್ಟು ಈಗ ಎಲ್ಲೂ ಸಿಗಲ್ಲ" ಅಂದಿದ್ದ ಗಂಡ ಸಣ್ಣಮಾದಯ್ಯ. ಮೇಟಗಳ್ಳಿಯಲ್ಲಿ ನಲವತ್ತು ವರ್ಷ ಮೈಕ್ ಸೆಟ್ ಇಟ್ಟಿದ್ದವನು. ಅವನೇ ಸಿಗಲ್ಲ ಅಂದಮೇಲೆ ಸಿಗಲ್ಲ. ಪುಟ್ಟಲಿಂಗಮ್ಮ ನಂಬಿದಳು.

ಪಕ್ಕದ ಮನೆ ಪ್ರೇಮಲೀಲಾ ನಂಬಲಿಲ್ಲ. "ನಮ್ ಕಿವಿ ಹೋಗ್ಲಿ ಅಂತ್ಲೇ ಹಾಕ್ತಾಳೆ" ಅಂತ ಕಾಂಪೌಂಡಿನ ಆಚೆಯಿಂದ ಆರು ವರ್ಷ ಬೈದಳು. ಪುಟ್ಟಲಿಂಗಮ್ಮ ಈಚೆಯಿಂದ ಆರು ವರ್ಷ ಬೈದಳು. ರೇಡಿಯೋ ಅರಚುತ್ತಿದ್ದರಿಂದ ಇಬ್ಬರಿಗೂ ಪೂರ್ತಿ ಕೇಳಿಸಲಿಲ್ಲ. ಅದೇ ಒಳ್ಳೇದಾಯಿತು.

ಸಣ್ಣಮಾದಯ್ಯ ಹೋಗಿ ಎಂಟು ತಿಂಗಳಾಯಿತು. ಬೆಳಿಗ್ಗೆ ಎದ್ದ, ಎದೆ ಅಂದ, ಹೋದ. ಗೋಡೆ ಮೇಲೆ ಬುದ್ಧನ ಪಕ್ಕ ಈಗ ಅವನ ಫೋಟೋ.

ಅವನು ಬಿಟ್ಟುಹೋದದ್ದು ಒಂದು ಡಿಜೆ ಮಿಷನ್ನು. ಮುಚ್ಚಿಹೋದ ಯಾವುದೋ ಹೋಟೆಲಿನಿಂದ ತಂದದ್ದು. ಮೇಲೆ ಕರಿ ತಟ್ಟೆ ಇಟ್ಟರೆ ತಿರುಗಿ ಹಾಡುತ್ತದೆ. ಬಲಗಡೆ ಒಂದು ಕಡ್ಡಿ, ಮೇಲೆ ಕೆಳಗೆ ಸರಿಯುತ್ತದೆ. ದಿನಾ ಸಂಜೆ ಬಾಗಿಲು ಹಾಕಿಕೊಂಡು ಅದನ್ನು ಬಿಚ್ಚಿ ಕೂರುತ್ತಿದ್ದ. ಪುಟ್ಟಲಿಂಗಮ್ಮ ಬಾಗಿಲ ಸಂದಿಯಲ್ಲೇ ಟೀ ಕೊಡಬೇಕು.

"ಏನ್ ಮಾಡ್ತಿದ್ದೀಯ ಒಳಗೆ?"

"ಪಿಚ್ಚು."

"ಹಂಗಂದ್ರೆ?"

"ನಿಂಗೆ ತಿಳಿಯಲ್ಲ ಬುಡು."

ಸತ್ತವನ ಮೇಲೆ ಅವಳಿಗೆ ಬೇರೆ ಸಿಟ್ಟಿಲ್ಲ. ಆ 'ತಿಳಿಯಲ್ಲ ಬುಡು' ಮಾತ್ರ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತ್ತು. ಏನಿತ್ತು ಅದರೊಳಗೆ? ಬೇರೆ ಹೆಂಗಸಿನ ಫೋಟೋ ಇದ್ದೀತು ಅಂತಲೂ ಒಮ್ಮೆ ಅಂದುಕೊಂಡಿದ್ದಳು. (ಇದ್ದರೂ ಈಗ ಬೈಯಕ್ಕೆ ಅವನಿಲ್ಲ.)

ಹಂಗಾಗಿ ಒಂದು ಭಾನುವಾರ ಗೌತಮ್ ಬಂದಾಗ ಅವಳಿಗೆ ಖುಷಿಯೇ ಆಯಿತು. ಗೌತಮ್ ಸಣ್ಣಮಾದಯ್ಯನ ಹತ್ತಿರ ಕೆಲಸ ಕಲಿತವನು. ಈಗ ಬನ್ನಿಮಂಟಪದಲ್ಲಿ ಅವನದೇ ಸೌಂಡ್ ಅಂಗಡಿ, ಅವನದೇ ಬೊಕ್ಕತಲೆ.

"ಅಕ್ಕಾ, ಮಿಷನ್ನು ಒಂದ್ಸಲ ಬಿಚ್ಚಿ ನೋಡ್ಲಾ? ಈ ಪಿಚ್ಚಿನ ಕಡ್ಡಿ ಮೇಲಕ್ಕೆ ತಳ್ಳಿದ್ರೆ ಹಾಡು ನಿಧಾನ, ಕೆಳಕ್ಕೆ ಎಳೆದ್ರೆ ಸ್ಪೀಡು. ಎಲ್ಲಾರ ಮಿಷನ್ನಲ್ಲೂ ನೂರಕ್ಕೆ ಎಂಟು ಭಾಗ ಹೋಗ್ತದೆ. ಅಣ್ಣಂದು ಇಪ್ಪತ್ತು ಹೋಗ್ತದೆ! ಅಷ್ಟು ನಿಧಾನ ಯಾವ ಮದುವೆಗೆ ಬೇಕು? ಮದುಮಗ ನಿದ್ದೆ ಮಾಡ್ಬುಡ್ತಾನೆ. ಯಾಕೆ ಮಾಡಿದ್ರು, ಎಂಗೆ ಮಾಡಿದ್ರು ಅಂತ ನಂಗೆ ತಲೆ ಕೆಟ್ಟೋಗದೆ."

"ನಂದೂ ಕೆಟ್ಟೋಗದೆ. ಬಿಚ್ಚು. ನನ್ನೆದುರಿಗೇ ಬಿಚ್ಚು."

ನಡುಮನೆಯಲ್ಲಿ ಚಾಪೆ ಹಾಸಿ ಶಸ್ತ್ರಚಿಕಿತ್ಸೆ ಶುರುವಾಯಿತು. ಪುಟ್ಟಲಿಂಗಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದಳು. ಒಳಗೆ ಹಸಿರು ಹಲಗೆ, ಇರುವೆ ಸಾಲಿನ ಹಾಗೆ ಬೆಸುಗೆ. ಫೋಟೋ ಇರಲಿಲ್ಲ.

"ನೋಡಿ ಇಲ್ಲಿ. ಇದು ಮಿಷನ್ನಿಂದಲ್ಲ. ಅಣ್ಣ ಎಲ್ಲಿಂದ್ಲೋ ತಂದು ಸೇರ್ಸವ್ರೆ. ಆಹಾ, ಏನ್ ತಲೆ!"

ಗೌತಮ್ ತೋರಿಸಿದ್ದು ಒಂದು ಗುಂಡನೆಯ ಪಾರ್ಟು. ಅದರ ಮೂತಿಗೆ ಹಸಿರು ದಾರ ಸುತ್ತಿತ್ತು.

ಪುಟ್ಟಲಿಂಗಮ್ಮ ದಾರ ನೋಡಿದಳು. ಅದು ಅವಳ ರವಿಕೆ ಹೊಲಿದು ಮಿಕ್ಕ ದಾರ. ರೇಡಿಯೋ ಕೆಡೋ ಮುಂಚೆ ಅದರ ಗುಂಡಿ ಸಡಿಲವಾಗಿತ್ತು, ಬಿಗಿಯಾಗಲಿ ಅಂತ ಅವಳೇ ಸುತ್ತಿದ್ದು. ಎದ್ದು ಹೋಗಿ ರೇಡಿಯೋದ ಗುಂಡಿ ಹಿಡಿದು ಎಳೆದಳು. ಕೈಗೆ ಬಂತು. ಅದರ ಹಿಂದೆ ಒಂದು ಹಳೇ ಪೆನ್ನಿನ ತುಂಡು.

"ಸುಟ್ಟೋಗದೆ ಅಂದ್ಯಲ್ಲಾ!" ಅಂತ ಫೋಟೋ ಮುಂದೆ ನಿಂತಳು. "ಆರು ವರ್ಷ! ಆ ಪ್ರೇಮಲೀಲಾ ಬಾಯಲ್ಲಿ ಏನೇನ್ ಅನ್ನಿಸ್ಕೊಂಡೆ! ಪೆನ್ನು ಸಿಗಿಸಿ ತಿರುಗ್ಸಕ್ಕೆ ಬಿಟ್ಯಾ ನನ್ನ?"

ಫೋಟೋ ನಗುತ್ತಲೇ ಇತ್ತು. (ಆಧಾರ್ ಕಾರ್ಡಿನದು ಬೇಡ ಅಂತ ನಗುವ ಫೋಟೋ ಆರಿಸಿದ್ದು ಅವಳೇ. ಈಗ ತಪ್ಪಾಯಿತು ಅನ್ನಿಸಿತು.)

"ಕಿತ್ತು ರೇಡಿಯೋಗೆ ಹಾಕು."

"ಅಕ್ಕಾ, ಯೋಚ್ನೆ ಮಾಡಿ. ಇದನ್ನ ತೆಗೆದ್ರೆ ಮಿಷನ್ನು ಮತ್ತೆ ಎಂಟಕ್ಕೆ ನಿಲ್ತದೆ."

"ನಿಲ್ಲಲಿ. ನನ್ ಸಾಮಾನು ನಂಗೆ."

ಹಾಕಿದ. ರೇಡಿಯೋ ಪಿಸುಗುಟ್ಟಿತು. ಪುಟ್ಟಲಿಂಗಮ್ಮ ಸೌಂಡು ಜಾಸ್ತಿ ಮಾಡಿದಳು, ಕಮ್ಮಿ ಮಾಡಿದಳು, ಮತ್ತೆ ಜಾಸ್ತಿ ಮಾಡಿದಳು. ಆಮೇಲೆ ಪೂರ್ತಿ ಕಮ್ಮಿ ಮಾಡಿ ಕೂತಳು. ಗಡಿಯಾರ ಕೇಳಿಸಿತು. ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಮನೆ ಇಷ್ಟು ದೊಡ್ಡದು ಅಂತ ಅವಳಿಗೆ ಗೊತ್ತೇ ಇರಲಿಲ್ಲ.

"ಮಿಷನ್ನು ಓಡ್ತದಾ ನೋಡು" ಅಂದಳು, ಏನಾದರೂ ಸದ್ದಾಗಲಿ ಅಂತ.

ಗೌತಮ್ ಮಿಷನ್ನು ಜೋಡಿಸಿ, ಬಿಚ್ಚುವಾಗ ತೆಗೆದಿಟ್ಟಿದ್ದ ತಟ್ಟೆಯನ್ನೇ ಮತ್ತೆ ಮೇಲಿಟ್ಟ, ಸಣ್ಣಮಾದಯ್ಯ ಕೊನೆಗೆ ಹಾಕಿದ್ದ ತಟ್ಟೆ. ಅವಳ ಹಾಡು. ಸಾಯುವ ಮುಂಚಿನ ಐದು ವರ್ಷ, ಯಾವ ಮದುವೆ, ಯಾವ ಜಯಂತಿ ಆದರೂ ಸಣ್ಣಮಾದಯ್ಯ ಕೊನೆಗೆ ಇದನ್ನು ಹಾಕಿ "ಬಾರೆ, ನಿನ್ ಹಾಡು" ಅಂತ ಮೈಕಿನಲ್ಲೇ ಕರೆಯುತ್ತಿದ್ದ. ಮಂಡಿನೋವು ಇದ್ದರೂ ಅವಳು ಸೆರಗು ಸಿಕ್ಕಿಸಿ ಕುಣಿಯುತ್ತಿದ್ದಳು. ಒಂದು ತಾಳ ತಪ್ಪಿದ್ದಿಲ್ಲ. "ನಿಂಗೆ ಎರಡು ಮಂಡಿ ನೆಟ್ಟಗಿದ್ರೂ ತಾಳ ಬರಲ್ವಲ್ಲೇ" ಅಂತ ಪ್ರೇಮಲೀಲಾಗೆ ಹೇಳಿದ್ದೂ ಉಂಟು. ಹಾಡಿದವಳ ಗಂಟಲು ಮಾತ್ರ ದಪ್ಪ. ಪಾಪ, ನೆಗಡಿ ಬಂದಾಗ ಹಾಡಿಸಿದ್ದಾರೆ ಅಂತ ಅವಳಿಗೆ ಕನಿಕರವಿತ್ತು.

ತಟ್ಟೆ ತಿರುಗಿತು. ಕೀಚು ಗಂಟಲಿನ ಹುಡುಗಿಯೊಬ್ಬಳು ಬಸ್ಸು ತಪ್ಪಿಹೋಗುತ್ತೆ ಅನ್ನೋ ಹಾಗೆ ಹಾಡತೊಡಗಿದಳು.

"ಇದ್ಯಾವಳೋ?"

"ಅವಳೇ ಅಕ್ಕ."

"ಅವಳಿಗೆ ನೆಗಡಿ ಇತ್ತಲ್ಲೋ!"

ಪುಟ್ಟಲಿಂಗಮ್ಮ ಎದ್ದು ಸೆರಗು ಸಿಕ್ಕಿಸಿ ಒಂದು ಸುತ್ತು ಹಾಕಿದಳು. ಎರಡನೇ ಸುತ್ತಿಗೆ ಮಂಡಿ ಲಟಕ್ ಅಂತು, ದಿವಾನದ ಮೇಲೆ ಕುಕ್ಕರಿಸಿದಳು. ಹಾಡು ಅವಳನ್ನು ಬಿಟ್ಟು ಮುಂದೆ ಓಡಿತು.

ಗೌತಮ್ ಕಡ್ಡಿಯ ಪಕ್ಕ ಬಗ್ಗಿ ನೋಡಿದ. ಮೇಲ್ಗಡೆ ತುದಿಯಲ್ಲಿ ಒಂದು ಕಡುಗೆಂಪು ಚುಕ್ಕಿ. "ಇದು ನಿಮ್ ಹಣೆ ಸ್ಟಿಕ್ಕರ್ ಅಲ್ವಾ?"

ಕನ್ನಡಿ ಮೇಲೆ ಅಂಟಿಸಿದ ಸ್ಟಿಕ್ಕರ್ ಕಾಣೆಯಾಗಿದ್ದಕ್ಕೆ ಅವಳು ಜಿರಳೆಯನ್ನು ಬೈದಿದ್ದಳು. ಗೌತಮ್ ಕಡ್ಡಿಯನ್ನು ಆ ಚುಕ್ಕಿಯವರೆಗೆ ತಳ್ಳಿದ. ಹಾಡು ಸ್ವಲ್ಪ ನಿಧಾನವಾಯಿತು. ಆದರೂ ಓಟವೇ. ಅದನ್ನು ಇನ್ನೂ ನಿಧಾನ ಮಾಡುವ ಪಾರ್ಟು ಈಗ ರೇಡಿಯೋದಲ್ಲಿತ್ತು.

ಅಷ್ಟೊತ್ತಿಗೆ ಪ್ರೇಮಲೀಲಾ ಬಂದಳು. ಕೈಯಲ್ಲಿ ಶಾವಿಗೆ ಪಾಯಸ. "ರೇಡಿಯೋ ರಿಪೇರಿ ಆಯ್ತಂತೆ. ಆರು ವರ್ಷದ ಮೇಲೆ ನಮ್ ಮನೇಲಿ ನಮ್ ಮಾತು ನಮಗೇ ಕೇಳಿಸ್ತು ಕಣಮ್ಮ. ತಗೋ." ಆಮೇಲೆ ಹಾಡು ಕೇಳಿಸಿಕೊಂಡು ಹುಬ್ಬೇರಿಸಿದಳು. "ಇದೇನು, ಸರಿಯಾದ ಸ್ಪೀಡಲ್ಲಿ ಹಾಕಿದ್ದೀರ?"

"ನಿಂಗೆ ಗೊತ್ತಿತ್ತಾ?"

"ಇಡೀ ಬೀದಿಗೆ ಗೊತ್ತು. ನಿನ್ ಗಂಡ ನಿನ್ ಮಂಡಿಗೆ ತಕ್ಕಂಗೆ ಹಾಡು ಎಳೀತಿದ್ದ. ನಿಂಗೆ ಹೇಳ್ದೋರ ಮನೆ ಮದುವೆಗೆ ಮೈಕ್ ಸೆಟ್ ಕೊಡಲ್ಲ ಅಂದಿದ್ದ. ನಮ್ ಮನೇಲಿ ಇಬ್ರು ಹೆಣ್ಮಕ್ಕಳು. ಸುಮ್ನಿದ್ದೆ."

ಪುಟ್ಟಲಿಂಗಮ್ಮ ಫೋಟೋ ನೋಡಿದಳು. ಕೆಂಪು ಚುಕ್ಕಿ ನೋಡಿದಳು. ಮೂಗೊರೆಸಿಕೊಂಡಳು.

"ಗೌತಮ್. ವಾಪಸ್ ಮಿಷನ್ನಿಗೇ ಹಾಕು."

ಹಾಕಿದ. ಆದರೆ ಕೀಳುವಾಗ ಅದು ತಿರುಗಿಬಿಟ್ಟಿತ್ತು. ಸಣ್ಣಮಾದಯ್ಯ ಎಲ್ಲಿ ನಿಲ್ಲಿಸಿದ್ದನೋ ಯಾರಿಗೂ ಗೊತ್ತಿಲ್ಲ. "ಅಳತೆ ಬೇಕಲ್ಲ ಅಕ್ಕಾ" ಅಂದ ಗೌತಮ್. ಅವನು, ಪ್ರೇಮಲೀಲಾ, ಇಬ್ಬರೂ ಅವಳ ಮಂಡಿ ನೋಡಿದರು.

ಗಂಡ ಸತ್ತು ವರ್ಷ ತುಂಬಿರಲಿಲ್ಲ. ಬಾಗಿಲು ತೆರೆದೇ ಇತ್ತು. ಹಗಲು ಹನ್ನೊಂದು ಗಂಟೆಗೆ ಪುಟ್ಟಲಿಂಗಮ್ಮ ಕುಣಿದಳು.

"ಸ್ಪೀಡಾಯ್ತು!" ಅಂದಳು. ಗೌತಮ್ ಸ್ಕ್ರೂಡ್ರೈವರ್ ತಿರುಗಿಸಿದ. "ಇನ್ನೂ ಇಳ್ಸು! ಅಯ್ಯೋ, ಇದು ಹೆಣ ಹೊರೋ ಸ್ಪೀಡು, ಏರ್ಸು! ಇನ್ನೊಂಚೂರು!"

ಹುಡುಗಿಯ ಗಂಟಲು ನಿಧಾನಕ್ಕೆ ದಪ್ಪವಾಯಿತು. ಮಂಡಿ ನೋಯದೆ ತಿರುಗಿತು.

"ನಿಲ್ಲು! ಬಂತು ನೆಗಡಿ!"

ಹಾಡು ಮುಗಿದ ಮೇಲೆ ಮನೆ ಮತ್ತೆ ಸುಮ್ಮನಾಯಿತು. ಪ್ರೇಮಲೀಲಾಗೆ ಆಗ ಹೊಳೆಯಿತು. "ಹಂಗಾದ್ರೆ ರೇಡಿಯೋ?"

"ಇನ್ನೊಂದು ಪಾರ್ಟು ಹುಡುಕ್ತೀನಿ ಅಕ್ಕ" ಅಂದ ಗೌತಮ್. "ಎಲ್ಲಾದ್ರೂ ಸಿಗ್ತದೆ."

"ಎಲ್ಲೂ ಸಿಗಲ್ಲ" ಅಂದಳು ಪುಟ್ಟಲಿಂಗಮ್ಮ. "ಅವ್ರೇ ಹೇಳವ್ರೆ."

ಗುಂಡಿಗೆ ಪೆನ್ನಿನ ತುಂಡು ಸಿಗಿಸಿ, ಗೌತಮ್ ಕೈಲಿ ಮೊದಲಿನ ಹಾಗೆ ವೈರು ಹಾಕಿಸಿ, ರೇಡಿಯೋ ಹಾಕಿದಳು. ಅದು ಬೀದಿಗೆಲ್ಲ ಕೇಳೋ ಹಾಗೆ ಅರಚಿತು. ಪ್ರೇಮಲೀಲಾ ಪಾಯಸದ ಪಾತ್ರೆ ಎತ್ತಿ ಸೆರಗಿನಡಿ ಇಟ್ಟುಕೊಂಡಳು. ಬಾಗಿಲಲ್ಲಿ ನಿಂತು, ತುಂಬ ಹೊತ್ತು, ಕೈ ಆಡಿಸಿ ಆಡಿಸಿ ಏನೋ ಅಂದಳು. ಪುಟ್ಟಲಿಂಗಮ್ಮನಿಗೆ ಒಂದಕ್ಷರ ಕೇಳಿಸಲಿಲ್ಲ.