ತಂಬಿಗೆಯಷ್ಟು ಎಂಜಿನ್

ನಮ್ಮ ಕಾಕಾ ಎಲ್ಲಿ ಸಿಕ್ಕರೂ ನೀವು 'ಆರಾಮ ಅದೀರೇನ್ರಿ' ಎಂದು ಮಾತ್ರ ಕೇಳಬೇಡಿ. ಅವನು ಖಂಡಿತ ಉತ್ತರ ಕೊಡುತ್ತಾನೆ. ಆದರೆ ತನ್ನ ಆರೋಗ್ಯದ ಬಗ್ಗೆ ಅಲ್ಲ, ತನ್ನ ಕಾರಿನ ಎಂಜಿನ್ನಿನ ಆರೋಗ್ಯದ ಬಗ್ಗೆ! ಒಂದೇ ಲೀಟರಿನ ಪೆಟ್ರೋಲ್ ಎಂಜಿನ್, ಮೂರೇ ಸಿಲಿಂಡರು, ಆದರೂ ಟರ್ಬೋ ಇರುವುದರಿಂದ ನೂರರ ಮೇಲೆ ಕುದುರೆಗಳ ಶಕ್ತಿ, ಆಯಿಲ್ ಬದಲಿಸಿದ್ದು ಯಾವಾಗ, ಮೊನ್ನೆ ಲಕ್ಷ್ಮೇಶ್ವರಕ್ಕೆ ಹೋಗಿಬಂದಾಗ ಅದು ಎಷ್ಟು ಮೆತ್ತಗೆ ಉಸಿರಾಡಿತು... ಅಷ್ಟರಲ್ಲಿ ನಿಮ್ಮ ಬಸ್ಸು ಹೋಗಿರುತ್ತದೆ. ಮಗಳ ಮದುವೆಗೆ ಕರೆಯಲು ಹರ್ತಿಯಿಂದ ಬಂದಿದ್ದ ಒಬ್ಬರು ಟಾರ್ಕ್ ಎಂದರೇನೆಂದು ಪೂರ್ತಿ ತಿಳಿದುಕೊಂಡು, ಲಗ್ನಪತ್ರಿಕೆ ಕೊಡುವುದನ್ನೇ ಮರೆತು ಊರಿಗೆ ಹೋದರು.

ಕಾಕಾ ನಮ್ಮಪ್ಪನ ತಮ್ಮ. ಗದಗಿನ ಕಾಲೇಜೊಂದರ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕನಾಗಿ ಇಡೀ ಆಯುಷ್ಯ ಕಳೆದವನು. ಅಳತೆ ಇಲ್ಲದೆ ಅವನಿಗೆ ಬದುಕೇ ಇಲ್ಲ. ಕಾರಿನಲ್ಲಿ ನಾಲ್ಕು ಮಂದಿ ಕೂರಬೇಕಾದರೆ ಮೊದಲು ಪ್ರತಿಯೊಬ್ಬರ ತೂಕ ಕೇಳುತ್ತಾನೆ. ಹೆಂಗಸರ ತೂಕವನ್ನು ಹೀಗೆ ಬೀದಿಯಲ್ಲಿ ನಿಂತು ಕೇಳುವುದೇ? ಅವನ ಹೆಂಡತಿ, ನಮ್ಮ ಕಾಕು, ಒಮ್ಮೆ ಐದು ಕಿಲೋ ಕಡಿಮೆ ಹೇಳಿದ್ದಳು. ಡೋಣಿಯ ಹತ್ತಿರದ ಏರು ಹತ್ತುವಾಗ ಕಾಕಾ ಕಿವಿಯನ್ನು ಎಂಜಿನ್ನಿನ ಸದ್ದಿಗೆ ಕೊಟ್ಟು, "ಇಲ್ಲೆ ಯಾರೋ ಸುಳ್ಳ ಹೇಳ್ಯಾರ" ಎಂದ.

ಇನ್ನು ಶಿರಹಟ್ಟಿಯ ಕಥೆ. ಕಾಕಾನ ಮಗನಿಗೆ ಹೆಣ್ಣು ನಿಶ್ಚಯ ಮಾಡಲು ಹೋಗಿದ್ದೆವು. ಬೀಗರಾಗುವವರು ಬಾಗಿಲಲ್ಲಿ ಕಾಲಿಗೆ ನೀರು ಹಿಡಿದುಕೊಂಡು ನಿಂತಿದ್ದಾರೆ. ನಾವು ಇಳಿಯುತ್ತಿಲ್ಲ! ಯಾಕೆಂದರೆ ದೂರ ಓಡಿ ಬಂದ ಟರ್ಬೋ ತಣ್ಣಗಾಗುವವರೆಗೆ ಎಂಜಿನ್ ಆರಿಸಬಾರದು, ಆರಿಸುವವರೆಗೆ ಯಾರೂ ಇಳಿಯಬಾರದು ಎಂಬುದು ಕಾಕಾನ ಕಾನೂನು. ಗಾಜು ಏರಿಸಿಕೊಂಡು, ಕಾಕಾ ಗಡಿಯಾರ ನೋಡುತ್ತ, ನಾವು ಕಾಕಾನನ್ನು ನೋಡುತ್ತ ಕೂತಿದ್ದೆವು. ಗಂಡಿನ ಕಡೆಯವರು ಹೀಗೆ ಗಾಡಿಯಲ್ಲೇ ಬಿಗಿದುಕೊಂಡು ಕೂತರೆ ಹೆಣ್ಣಿನವರು ಏನೆಂದುಕೊಳ್ಳಬೇಕು? ಹುಡುಗಿಯ ಅಜ್ಜ ಕೈಮುಗಿದುಕೊಂಡೇ ಕಾರಿನ ಹತ್ತಿರ ಬಂದರು.

"ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ. ಒಳಗ ಬರ್ರಿ."

ಕಾಕಾ ಗಾಜು ಇಳಿಸಿ, ಸಿಟ್ಟೇನೂ ಇಲ್ಲವೆಂದೂ ಸ್ವಲ್ಪ ಬಿಸಿಯಾಗಿದೆ, ಎರಡು ನಿಮಿಷದಲ್ಲಿ ಇಳಿಯುತ್ತದೆ ಎಂದೂ ಸಮಾಧಾನ ಹೇಳಿದ. ಪಾಪ, ಅವರಿಗೆ ಟರ್ಬೋ ಹೇಗೆ ಗೊತ್ತಿರಬೇಕು? ನಾವು ಒಳಗೆ ಹೋಗುವಷ್ಟರಲ್ಲಿ ಕಾಕಾನ ಎದುರು ಶುಂಠಿ ಕಷಾಯ ಮತ್ತು ಜ್ವರದ ಗುಳಿಗೆ ಬಂದಿದ್ದವು. ಮರ್ಯಾದೆಗಾಗಿ ಅವನು ಎರಡನ್ನೂ ನುಂಗಿದ. ಸಂಬಂಧವೂ ಕೂಡಿತು.

ಇಷ್ಟು ಮಂದಿಯನ್ನು ಕೂರಿಸಿದ ಕಾರಿನಲ್ಲಿ ಮೂರು ವರ್ಷವಾದರೂ ಕೂರದವನು ಒಬ್ಬನೇ ಒಬ್ಬ, ನಮ್ಮಪ್ಪ. ಅಪ್ಪ ಬೆಟಗೇರಿಯಲ್ಲಿ ಇವತ್ತಿಗೂ ಕೈಮಗ್ಗದ ಮೇಲೆ ಸೀರೆ ನೇಯುತ್ತಾನೆ. ನೇಯ್ದದ್ದನ್ನು ಬಸ್ಸಿನಲ್ಲೇ ಊರೂರಿಗೆ ಒಯ್ದು ಮುಟ್ಟಿಸುತ್ತಾನೆ. ಸಣ್ಣ ಎಂಜಿನ್ನಿಗೆ ಗಾಳಿ ತುಂಬಿ ದೊಡ್ಡದು ಮಾಡುವುದೆಂದರೆ ಅವನ ಲೆಕ್ಕದಲ್ಲಿ ಮೋಸದ ಕೆಲಸ, ಅದು ಎಂದಾದರೂ ಒಂದು ದಿನ ನಡುದಾರಿಯಲ್ಲಿ ಕೈಕೊಡುವುದೇ.

"ಒಂದ ಲೀಟರ್ ಅಂದ್ರ ಎಷ್ಟಲೇ? ನಮ್ಮನಿ ತಂಬಿಗಿ ಅದಕ್ಕಿಂತ ದೊಡ್ಡದೈತಿ."

ಕಾಕಾ ಬಿಡುವವನೇ? ತಂಬಿಗೆಯನ್ನೇ ತರಿಸಿದ. ಮೂರು ಲೋಟಗಳಿಗೆ ಸಮನಾಗಿ ನೀರು ಸುರಿದು, ಇವೇ ಮೂರು ಸಿಲಿಂಡರು ಎಂದು ಮುಕ್ಕಾಲು ಗಂಟೆ ಪಾಠ ಮಾಡಿದ. ಅಪ್ಪ ಎಲ್ಲವನ್ನೂ ಕೇಳಿದ. ಆಮೇಲೆ ಮೂರೂ ಸಿಲಿಂಡರುಗಳನ್ನು ಒಂದಾದ ಮೇಲೊಂದು ಎತ್ತಿ ಕುಡಿದು, ಸೀರೆಯ ಗಂಟು ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದ!

ನಾವು ನಕ್ಕೆವು. ಕಾಕಾ ನಗಲಿಲ್ಲ. ಕಾಕಾ ಚಿಕ್ಕವನಿದ್ದಾಗಲೇ ಅಜ್ಜ ತೀರಿಕೊಂಡಿದ್ದ. ಅಪ್ಪ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತ. ತಮ್ಮನನ್ನು ಮಾತ್ರ ದಿನಾ ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಕೂರಿಸಿಕೊಂಡು ಗದಗಿನ ಶಾಲೆಗೆ ಬಿಟ್ಟು ಬರುತ್ತಿದ್ದ. ಅಣ್ಣನನ್ನು ಒಮ್ಮೆ, ಒಂದೇ ಒಂದು ಸಲ ತಾನು ಕೂರಿಸಿಕೊಂಡು ಹೋಗಬೇಕು ಎಂಬುದೇ ಕಾಕಾ ಕಾರು ತಂದದ್ದರ ಹಿಂದಿನ ಆಸೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು ಎಂದೇ ನನ್ನ ಅನುಮಾನ.

ಮೊನ್ನೆ ಬೇಸಿಗೆಯಲ್ಲಿ ನಾನೂ ಕಾಕಾನೂ ಕೊರ್ಲಹಳ್ಳಿಯ ನೆಂಟರ ಮನೆಗೆ ಹೋಗಿ ಮರಳುತ್ತಿದ್ದೆವು. ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ನಿಂತಿದ್ದ, ಸೀರೆಗಳನ್ನು ಅಂಗಡಿಗೆ ಮುಟ್ಟಿಸಿ ಗದಗಿನ ಬಸ್ಸಿಗೆ ಕಾಯುತ್ತ. ಕಾಕಾ ಕಾರು ನಿಲ್ಲಿಸಿ, ಇಳಿದು, ಬಾಗಿಲು ತೆರೆದು ಹಿಡಿದ. ಅಪ್ಪ ಬೇಡವೆಂದು ತಲೆಯಾಡಿಸಿದ. ಬಾಗಿಲು ಮುಚ್ಚಿಕೊಂಡು ಹೊರಟೆವು.

ಊರು ದಾಟಿ ಸ್ವಲ್ಪ ದೂರ ಬಂದಿರಬೇಕು. ಬಾನೆಟ್ಟಿನೊಳಗೆ 'ಹುಸ್' ಎಂಬ ಸದ್ದಾಗಿ ಕಾರಿನ ಶಕ್ತಿಯೆಲ್ಲ ಉಡುಗಿತು. ಎದುರಿನ ಗಾಜಿನ ಕೆಳಗೆ ಹಳದಿ ದೀಪ ಹತ್ತಿತು. ತೆವಳುತ್ತ ಹೋಗಿ ನಿಂತೇಬಿಟ್ಟಿತು! ಕಾಕಾನಿಗೆ ಎಂಜಿನ್ನಿನ ಚಿಂತೆ ಆಮೇಲೆ. ಅವನು ಮೊದಲು ನೋಡಿದ್ದು ಹಿಂದಿನ ರಸ್ತೆಯನ್ನು.

"ಅಣ್ಣನ ಬಸ್ ಬರತೈತಿ. ಆ ಬೇವಿನ ಗಿಡದ ಹಿಂದ ದಬ್ಬೋಣ, ಜಲ್ದಿ."

ನಾನು ಹಿಂದಿನಿಂದ, ಕಾಕಾ ಬದಿಯಿಂದ, ಅರವತ್ತು ದಾಟಿದ ಮನುಷ್ಯ ಪಂಚೆ ಎತ್ತಿ ಕಟ್ಟಿ, ಅಷ್ಟೊಂದು ಕುದುರೆಗಳ ಗಾಡಿಯನ್ನು ಮರದ ಹಿಂದೆ ಬಚ್ಚಿಡಲು ಒದ್ದಾಡಿದ್ದನ್ನು ನೀವು ನೋಡಬೇಕಿತ್ತು. ಆ ಮರವೋ, ಒಂದು ಆಡು ಕೂಡ ಅದರ ಹಿಂದೆ ಅಡಗಲಾರದು. ಬಸ್ಸು ಬಂತು, ಮುಂದೆ ಹೋಯಿತು, ನಿಂತಿತು. ಅಪ್ಪ ಇಳಿದು ಬಂದ.

ಅಪ್ಪ ಬೈಯಲಿಲ್ಲ, ನಗಲೂ ಇಲ್ಲ. ಬಾನೆಟ್ ಎತ್ತಿಸಿದ. ಗಾಳಿ ಹೋಗುವ ದಪ್ಪ ರಬ್ಬರಿನ ಪೈಪು ಕಳಚಿ ಜೋತಾಡುತ್ತಿತ್ತು. ಧೂಳು ಒರೆಸಲು ಕಾಕಾ ಅದನ್ನು ತಾನೇ ಬಿಚ್ಚಿದ್ದನಂತೆ, ಕ್ಲಿಪ್ಪು ಮುರಿದಿತ್ತಂತೆ, ಮಗ್ಗದ ಮನೆಯಲ್ಲಿ ಬೆಳೆದವರೆಲ್ಲ ಮಾಡುವಂತೆ ಮಗ್ಗದ ಹುರಿಯಿಂದ ಕಟ್ಟಿದ್ದನಂತೆ. ತಪ್ಪು ಎಂಜಿನ್ನಿನದಲ್ಲ ಎಂದು ಹೇಳಲು ಹೋಗಿ ಕಾಕಾ ಅರ್ಧಕ್ಕೇ ನಿಲ್ಲಿಸಿದ. ಅಪ್ಪ ಸಡಿಲಾದ ಗಂಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

"ಮಗ್ಗದ ಗಂಟ ನಿನಗ ನಾ ಕಲಿಸಲೇ ಇಲ್ಲ. ಸಾಲಿ ಕಲೀಲಿ ಅಂತ ಬಿಟ್ಟೆ."

ಸೀರೆಯ ಗಂಟು ಕಟ್ಟಿ ತಂದಿದ್ದ ಹುರಿ ಅವನ ಕಿಸೆಯಲ್ಲೇ ಇತ್ತು. ಪೈಪನ್ನು ಕೂಡಿಸಿ, ನಾಲ್ಕು ಸುತ್ತು ಹಾಕಿ, ಹಲ್ಲಿನಿಂದ ಎಳೆದು ಬಿಗಿದ. ಕಾಕಾ ಕೀಲಿ ತಿರುವಿದ. ಕಾರು ಎದ್ದಿತು. ಬಸ್ಸು ಆಗಲೇ ಹೋಗಿತ್ತು. ಇನ್ನೊಂದು ಬಸ್ಸು ಬರುವವರೆಗೆ ಅಪ್ಪ ನಿಲ್ಲುತ್ತಾನೇನೋ ಎಂದು ನಾನು ಕಾಯುತ್ತಿದ್ದೆ. ಅವನು ನನಗೆ ಹಿಂದೆ ಕೂರಲು ಹೇಳಿ, ಚಪ್ಪಲಿ ಝಾಡಿಸಿ, ಮುಂದಿನ ಸೀಟಿನಲ್ಲಿ ಕೂತ.

ಊರಿಗೆಲ್ಲ ಎಂಜಿನ್ ಪಾಠ ಹೇಳಿದ ಕಾಕಾ ಈಗ ತುಟಿ ಬಿಚ್ಚಲಿಲ್ಲ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಮೂವತ್ತರ ಮೇಲೆ ಹೋಗದಂತೆ ನಡೆಸುತ್ತಿದ್ದ. ಅಪ್ಪನೇ ಕೇಳಿದ, "ಯಾಕಲೇ ಸುಮ್ಮಗಾದಿ? ಈ ಟರ್ಬೋ ಅಂದ್ರ ಏನು, ನನಗೂ ಹೇಳು."

ಕಾಕಾ ಕನ್ನಡಿಯಲ್ಲಿ ನನ್ನ ಕಡೆ ನೋಡಿದ. ಕೊನೆಗೆ ಹಿಂದಿನ ಸೀಟಿನಿಂದ ನಾನೇ ಹೇಳಬೇಕಾಯಿತು. ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತಲ್ಲ! ಹೊರಗೆ ಹೋಗುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಅದು ಹೊಸ ಗಾಳಿಯನ್ನು ಒಳಗೆ ದಬ್ಬುತ್ತದೆ, ಅದರಿಂದ ಸಣ್ಣ ಎಂಜಿನ್ನಿಗೆ ದೊಡ್ಡದರ ಬಲ ಬರುತ್ತದೆ ಎಂದೆ. ಅಪ್ಪ ತಮ್ಮನ ಕಡೆ ತಿರುಗಿದ.

"ಅಂದ್ರ ಸಣ್ಣಂವಗ ಯಾರರ ದಬ್ಬಾಕ ಬೇಕು ಅನ್ನು."

"ಹೂಂ ಅಣ್ಣಾ," ಎಂದ ಕಾಕಾ, ಕಣ್ಣು ಒರೆಸಿಕೊಳ್ಳುತ್ತ. ಬೆಟಗೇರಿ ಬರುವವರೆಗೂ ಅವನು ಆಡಿದ್ದು ಅದೊಂದೇ ಮಾತು.