ನಿನ್ನೆಯ ಬಂಗುಡೆ ಸಾರಿನಲ್ಲಿ ನನ್ನ ಪಾಲು

ನಾನು ಒಳ್ಳೆಯವನಾಗಲು ಹೊರಟಾಗಲೆಲ್ಲ ನಮ್ಮ ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ತೊಂದರೆಯಾಗಿದೆ. ಇದು ನನ್ನ ಹೆಂಡತಿ ಸುಮತಿ ಹೊರಿಸಿದ ಆರೋಪವಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿ ನಾನೇ ಕಂಡುಕೊಂಡ ಸತ್ಯ. ಅವಳಿಗೆ ಕೆಲಸ ಹಗುರಾಗಲಿ ಎಂದು ಒಮ್ಮೆ ತೆಂಗಿನಕಾಯಿ ತುರಿಯಲು ಕೂತೆ. ಕಾಯಿಗಿಂತ ಹೆಚ್ಚಾಗಿ ನನ್ನ ಹೆಬ್ಬೆರಳೇ ತುರಿದುಹೋಗಿ, ಆ ದಿನ ಅವಳು ಅಡುಗೆ ಮಾಡಿದ್ದಲ್ಲದೆ ನನಗೆ ಅನ್ನವನ್ನೂ ಕಲಸಿ ಕೊಡಬೇಕಾಯಿತು. ಅಮ್ಮನಿಗೆ ಸೊಂಟ ನೋವೆಂದು ಇನ್ನೊಮ್ಮೆ ಅಂಗಳ ಗುಡಿಸಿದೆ. ಅಮ್ಮ ಒಣಗಲು ಹರಡಿದ್ದ ಹುಣಸೆಹಣ್ಣು ತರಗೆಲೆಯ ಜೊತೆಗೇ ತೆಂಗಿನಮರದ ಬುಡ ಸೇರಿತು. ಅಮ್ಮ ಸೊಂಟ ಬಗ್ಗಿಸಿ ಅದನ್ನೆಲ್ಲ ಆರಿಸಿಕೊಂಡು ಬಂದಳು. ಇಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ ಎಂಬುದಕ್ಕೆ ಈ ತಂಗಳಿನ ಪ್ರಕರಣವೇ ಸಾಕ್ಷಿ.

ನಮ್ಮೂರು ಕರಾವಳಿಯ ಹಂಗಾರಕಟ್ಟೆ. ಮನೆಯಲ್ಲಿ ಅಮ್ಮ, ಸುಮತಿ, ನಾನು ಮೂರೇ ಜನ. ಮಗಳು ಉಡುಪಿಯಲ್ಲಿ ಹಾಸ್ಟೆಲಿನಲ್ಲಿ ಇದ್ದಾಳೆ. ಬೆಳಿಗ್ಗೆ ಮೀನಿನವನ ಸ್ಕೂಟರು ಹಾರ್ನ್ ಹೊಡೆದುಕೊಂಡು ಬಂದರೆ ಆ ದಿನದ ಅಡುಗೆ ಏನೆಂಬುದು ತೀರ್ಮಾನವಾದ ಹಾಗೆ. ಅಮ್ಮನ ಮೀನು ಸಾರು ಆಗುವುದು ಮಣ್ಣಿನ ಮಡಕೆಯಲ್ಲಿ. ಉಳಿದದ್ದು ಅದರಲ್ಲೇ ಇರಬೇಕು, ಫ್ರಿಜ್ಜಿಗೆ ಹೋಗಬಾರದು. ಫ್ರಿಜ್ಜಿಗೆ ಹೋದ ಮೀನು ಸಾರು ಆಸ್ಪತ್ರೆಗೆ ಸೇರಿದ ಮನುಷ್ಯನ ಹಾಗೆ, ತಿರುಗಿ ಬಂದರೂ ಮುಖದಲ್ಲಿ ಮೊದಲಿನ ಕಳೆ ಇರುವುದಿಲ್ಲ ಎನ್ನುವುದು ಅಮ್ಮನ ಸಿದ್ಧಾಂತ. ನಮ್ಮಪ್ಪ ದೋಣಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಬೆಳಿಗ್ಗೆ ಮನೆಮಂದಿಗೆಲ್ಲ ಗಂಜಿ ಮತ್ತು ಹಿಂದಿನ ದಿನದ ಸಾರೇ. ಆದರೆ ನನಗೆ ಹೈಸ್ಕೂಲು ಮಾಸ್ಟ್ರ ಕೆಲಸ ಸಿಕ್ಕಿದ ಮರುದಿನದಿಂದಲೇ ನನ್ನನ್ನು ಗಂಜಿಯಿಂದ ಬಡ್ತಿ ಕೊಟ್ಟು ಉಪ್ಪಿಟ್ಟಿಗೆ ಏರಿಸಲಾಯಿತು. ಸರಕಾರದ ಸಂಬಳ ತಿನ್ನುವವನು ತಂಗಳು ತಿನ್ನಬಾರದು ಎಂದು ಅಮ್ಮ ಅಪ್ಪಣೆ ಮಾಡಿದಳು. ಅಂದಿನಿಂದ ನಾನು ಎದುರು ಕೋಣೆಯಲ್ಲಿ ಮೇಜಿನ ಮುಂದೆ ಕೂತು ಬಿಸಿ ಉಪ್ಪಿಟ್ಟೋ, ಅವಲಕ್ಕಿಯೋ ತಿಂದು ಶಾಲೆಗೆ ಹೋಗುವವನು. ನಿನ್ನೆಯ ಸಾರು ಏನಾಯಿತೆಂದು ಕೇಳಿದರೆ ಅಮ್ಮ ಮುಖ ಸಣ್ಣದು ಮಾಡಿ, ನಾವಿಬ್ಬರು ಹೆಂಗಸರು ಹೇಗೋ ಮುಗಿಸುತ್ತೇವೆ, ಬಿಸಾಡಲಿಕ್ಕಾಗುತ್ತದಾ ಎನ್ನುತ್ತಿದ್ದಳು. ನನಗೆ ಪಾಪ ಅನ್ನಿಸುತ್ತಿತ್ತು.

ತಂಗಳಿನ ವಿಷಯದಲ್ಲಿ ಒಂದೊಂದು ಮನೆಯದು ಒಂದೊಂದು ಧರ್ಮ. ನಮ್ಮ ಶಾಲೆಯ ಗಣಿತದ ಮಾಸ್ಟ್ರು ಸಾಲಿಗ್ರಾಮದವರು, ಶುದ್ಧ ಸಸ್ಯಾಹಾರಿ. ಅವರ ಮನೆಯಲ್ಲಿ ಸೋಮವಾರ ಮಾಡಿದ ಸೌತೆಕಾಯಿ ಹುಳಿ ಮಂಗಳವಾರ ಉಳಿದರೆ ಅದಕ್ಕೆ ಬಸಳೆ ಬೀಳುತ್ತದಂತೆ. ಬುಧವಾರ ಒಂದು ಹಿಡಿ ಅಲಸಂಡೆ. ಗುರುವಾರ ನೆಂಟರು ಬಂದರೆ ಕಾಯಿ ಅರೆದು ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಹೊಸದಾಗಿ ಒಗ್ಗರಣೆ. ಶುಕ್ರವಾರ ಅವರು ಬಟ್ಟಲಲ್ಲಿ ಸಿಕ್ಕ ಒಂದು ಹೋಳನ್ನು ಎತ್ತಿ ಹಿಡಿದು, ಇದು ಯಾವ ದಿನದ್ದು ಎಂದು ಕೇಳಿದ್ದಕ್ಕೆ ಅವರ ಮನೆಯಾಕೆ, ಹೋಳಿನ ಜಾತಕ ಕೇಳುವವರು ಹೋಟೆಲಿಗೆ ಹೋಗಬಹುದು ಎಂದರಂತೆ. ಅಂದಿನಿಂದ ತಮಗೆ ಬಿಸಿ ಬಿಸಿಯಾಗಿ ಮಾಡಿದ್ದು ಬಿಟ್ಟು ಬೇರೇನೂ ಬೇಡವೆಂದು ಅವರು ಹಟ ಹಿಡಿದಿದ್ದಾರೆ. ತಂಗಳು ಎಂಬ ಮಾತು ಕಿವಿಗೆ ಬಿದ್ದರೂ ಅವರಿಗೆ ಹುಳಿತೇಗು ಬರುತ್ತದೆ.

ಇಂತಿಪ್ಪ ಕಾಲದಲ್ಲಿ ನಮ್ಮೂರ ಮಹಿಳಾ ಮಂಡಲದವರು ನನ್ನನ್ನು ಭಾಷಣಕ್ಕೆ ಕರೆದರು. ಮೈಕು ಸಿಕ್ಕಿದರೆ ಬಿಡುವ ಜಾತಿಯಲ್ಲ ನಾನು. ಅದರಲ್ಲೂ ಎದುರಿನ ಸಾಲಿನಲ್ಲಿ ಸುಮತಿ ಕೂತಿದ್ದಳು. ನಮ್ಮ ಮನೆಗಳಲ್ಲಿ ಬಿಸಿ ಗಂಡಸರಿಗೆ, ತಂಗಳು ಹೆಂಗಸರಿಗೆ. ಇದು ಎಲ್ಲಿಯ ನ್ಯಾಯ ಎಂದು ಗುಡುಗಿದೆ. ನನ್ನ ತಾಯಿ, ನನ್ನ ಪತ್ನಿ ದಿನವೂ ನುಂಗುವ ಆ ತಣ್ಣಗಿನ ತುತ್ತು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದೆ. ಗಂಟಲೂ ನಿಜವಾಗಿ ಕಟ್ಟಿತು. ಚಪ್ಪಾಳೆ ಬಿತ್ತು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹಿಂದಿನ ಸಾಲಿನಿಂದ ನಮ್ಮ ಪಕ್ಕದ ಮನೆಯ ಜಲಜಕ್ಕ ಎದ್ದು ನಿಂತಳು. ಈ ಜಲಜಕ್ಕನಿಗೆ ಯಾರನ್ನಾದರೂ ಕಿಚಾಯಿಸದಿದ್ದರೆ ಉಂಡದ್ದು ಕರಗುವುದಿಲ್ಲ.

"ಹ್ವಾಯ್ ಮಾಸ್ಟ್ರೆ, ಹಂಗಾರೆ ನಾಳಿಂದ ನಿಮ್ ಮನಿ ತಂಗ್ಳ್ ಉಂಬುದ್ ಯಾರ್?"

ಸಭೆಯೆಲ್ಲ ನಕ್ಕಿತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನಾಳೆ ಊರೆಲ್ಲ ಆಡಿಕೊಳ್ಳುವುದು ಬೇಡವೆಂದು ನಾನು ಮೈಕಿನಲ್ಲೇ ಘೋಷಿಸಿಬಿಟ್ಟೆ: ನಾಳೆಯಿಂದ ನಮ್ಮ ಮನೆಯ ತಂಗಳೆಲ್ಲ ನನ್ನದು, ಒಂದು ತುತ್ತೂ ಹೆಂಗಸರಿಗಿಲ್ಲ. ಮತ್ತೆ ಚಪ್ಪಾಳೆ. ಸುಮತಿ ಮಾತ್ರ ತಟ್ಟಲಿಲ್ಲ. ಸೆರಗಿನ ತುದಿ ಹಿಡಿದುಕೊಂಡು ಜಲಜಕ್ಕನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅಷ್ಟೆಲ್ಲ ಬೇಡ ಮಗಾ, ನಿನ್ನ ಹೊಟ್ಟೆ ಕೆಡುತ್ತದೆ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಎಂಥ ತ್ಯಾಗಮಯಿಗಳು ಎಂದು ನನ್ನ ಮನಸ್ಸು ಕರಗಿ ನೀರಾಯಿತು. ಈ ತ್ಯಾಗವನ್ನು ತಪ್ಪಿಸಿಯೇ ತೀರಬೇಕೆಂದು ಆಗಲೇ ಹಟ ತೊಟ್ಟೆ.

ಮರುದಿನದಿಂದ ನನ್ನ ಬಟ್ಟಲಿಗೆ ತಂಗಳು ಬರತೊಡಗಿತು. ಫ್ರಿಜ್ಜಿನ ಮೂಲೆಯ ಸ್ಟೀಲ್ ಡಬ್ಬಿಗಳು ಒಂದೊಂದಾಗಿ ಹೊರಬಂದವು. ಮೂರು ದಿನದ ಎಲೆಕೋಸಿನ ಪಲ್ಯ, ಬಾಗಿಸಿದರೆ ಮುರಿಯುವ ಚಪಾತಿ, ಹುಳಿ ಬಂದ ಇಡ್ಲಿ, ಯಾವ ಕಾಲದ್ದೋ ಸಾಬೂದಾನಿ ಕಿಚಡಿ. ಈ ಮನೆಯಲ್ಲಿ ಸಾಬೂದಾನಿ ಕಿಚಡಿ ಯಾವಾಗ ಮಾಡಿದ್ದರು ಎಂದೇ ನನಗೆ ನೆನಪಿರಲಿಲ್ಲ. ಎಲ್ಲವನ್ನೂ ದೇಶಸೇವೆ ಎಂದುಕೊಂಡು ನುಂಗಿದೆ. ಮೂರನೆಯ ದಿನ ಎಂಟನೇ ತರಗತಿಯಲ್ಲಿ ನಾನು ಪದ್ಯ ಓದುವಾಗ ನನ್ನ ಹೊಟ್ಟೆಯೂ ದನಿ ಸೇರಿಸಿತು. ಮೊದಲ ಬೆಂಚಿನವರು ನಗು ತಡೆಯಲಾರದೆ ಡೆಸ್ಕಿನ ಕೆಳಗೆ ಪೆನ್ಸಿಲು ಹುಡುಕಿದರು. ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಮೀನು ಸಾರು ಒಮ್ಮೆಯೂ ನನ್ನ ಪಾಲಿಗೆ ಬರಲಿಲ್ಲ. ಕೇಳಿದರೆ ರಾತ್ರಿಯೇ ಖಾಲಿಯಾಯಿತು ಎಂಬ ಉತ್ತರ. ರಾತ್ರಿ ಊಟ ಆದ ಮೇಲೆ ಸುಮತಿ ಜಲಜಕ್ಕನ ಮನೆಗೆ ಮೊಸರು ಕೊಡುವ ನೆಪದಲ್ಲಿ ಏನನ್ನೋ ಬಟ್ಟೆ ಮುಚ್ಚಿ ಕೊಂಡೊಯ್ಯುತ್ತಿದ್ದುದನ್ನು ನೋಡಿದ್ದೆ. ಮೊಸರಿಗೆ ಅಷ್ಟು ದೊಡ್ಡ ಮಡಕೆ ಯಾಕೆ ಎಂದು ಕೇಳಬೇಕೆಂದು ತೋಚಲಿಲ್ಲ ನೋಡಿ, ಅಂಥ ಪಂಡಿತ ನಾನು.

ಎರಡನೆಯ ವಾರ ಒಂದು ದಿನ ಶಾಲೆಗೆ ಹೋದವನಿಗೆ ಕನ್ನಡಕ ಮರೆತದ್ದು ಗೊತ್ತಾಯಿತು. ಎರಡನೆಯ ಪೀರಿಯಡ್ ಖಾಲಿ ಇತ್ತು. ಹೆಡ್‌ಮಾಸ್ಟರಿಗೆ ಹೇಳಿ ಬೈಕು ಹತ್ತಿ ಮನೆಗೆ ಬಂದೆ. ಎದುರು ಬಾಗಿಲು ಹಾಕಿತ್ತು. ಹಿಂದಿನಿಂದ ಹೋಗೋಣವೆಂದು ಮನೆ ಸುತ್ತಿ ಬರುವಾಗ ಹಿಂದಿನ ಜಗಲಿಯಿಂದ ನನ್ನದೇ ಭಾಷಣ ಕೇಳಿಸಿತು. ಜಲಜಕ್ಕನ ದನಿಯಲ್ಲಿ. "ಆ ತಣ್ಣಗಿನ ತುತ್ತು" ಎನ್ನುವಲ್ಲಿ ಗಂಟಲು ಕಟ್ಟುವುದನ್ನೂ ಬಿಟ್ಟಿರಲಿಲ್ಲ. ಮೂರು ಹೆಂಗಸರ ನಗು ಕಂಪೌಂಡು ದಾಟಿ ಹೋಗುತ್ತಿತ್ತು. ನಗು ನಿಂತ ಮೇಲೆ ಅಮ್ಮನ ಮಾತು.

"ನೀ ಅವತ್ತ್ ಬಾಯಿ ಮುಚ್ಕಂಡ್ ಕೂಕಂಡಿದ್ರೆ ನಮ್ಗೆ ಈ ಕಳ್ಳತನ ಎಂತಕ್ ಬೇಕಿತ್ತ್ ಜಲಜ?"

ಇಣುಕಿ ನೋಡಿದೆ. ಮೂವರೂ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದರು. ನಡುವೆ, ರಾತ್ರಿ ಜಲಜಕ್ಕನ ಮನೆಗೆ ಹೋಗಿದ್ದ ಆ ಮಣ್ಣಿನ ಮಡಕೆ. ನಿನ್ನೆಯ ಬಂಗುಡೆ ಸಾರು ಬೆಳಿಗ್ಗೆ ಸಣ್ಣ ಉರಿಯಲ್ಲಿ ಬತ್ತಿ ಬತ್ತಿ, ಮಸಾಲೆ ಮೀನಿಗೆ ಅಂಟಿ ಕೂತಿತ್ತು. ಮಸಾಲೆಗೆ ಹಾಕಿದ ಜುಮ್ಮನಕಾಯಿಯ ಘಮ ನಾನು ನಿಂತಲ್ಲಿಗೆ ಬಂದು ನನ್ನ ಮೂಗು ಹಿಡಿದು ಎಳೆಯಿತು. ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಸುಮತಿ ಬೆರಳು ನೆಕ್ಕುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಎದುರು ಅವಳು ಬೆರಳು ನೆಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ಅಯ್ಯೋ ಪರಮಾತ್ಮ! ಇದೇನಾ ಇವರ ತ್ಯಾಗ? ಇಪ್ಪತ್ತೆರಡು ವರ್ಷ ನಾನು ಎದುರು ಕೋಣೆಯಲ್ಲಿ ರವೆ ಜಗಿಯುತ್ತಾ ಇವರಿಗಾಗಿ ಮರುಗಿದ್ದೇನೆ!

ನನ್ನನ್ನು ಕಂಡು ಮೂವರೂ ಕಲ್ಲಾದರು. ಅಮ್ಮನೇ ಮೊದಲು ಚೇತರಿಸಿಕೊಂಡು, ನಿನಗೆ ಬಿಸಿ ಉಪ್ಪಿಟ್ಟು ಮಾಡಿಕೊಡಲಾ ಮಗಾ ಎಂದು ಕೇಳಿದಳು. ನಾನು ಚಪ್ಪಲಿ ಬಿಚ್ಚಿ, ಕೈ ತೊಳೆದು, ಪ್ಯಾಂಟು ಮಡಚಿ ಕೂತುಬಿಟ್ಟೆ. ಆ ಮೊದಲ ತುತ್ತಿನ ರುಚಿಯನ್ನು ಏನೆಂದು ಹೇಳಲಿ! ರಾತ್ರಿಯ ಸಾರಿನಲ್ಲಿ ಉಪ್ಪು, ಹುಳಿ, ಖಾರ ಬೇರೆ ಬೇರೆ ಇರುತ್ತವೆ. ಬೆಳಗಾಗುವಾಗ ಅವೆಲ್ಲ ರಾಜಿಯಾಗಿರುತ್ತವೆ. ಅಪ್ಪನ ಪಕ್ಕ ಕೂತು ಗಂಜಿ ಉಂಡ ದಿನಗಳೆಲ್ಲ ನಾಲಗೆಗೆ ಬಂದವು. ಎರಡು ಹೋಳು ತಿಂದೆ, ಮೂರನೆಯದನ್ನೂ ತಿಂದೆ. ಕನ್ನಡಕ ಅಲ್ಲೇ ಬಿಟ್ಟು ಶಾಲೆಗೆ ಹೋದೆ.

ಆಮೇಲೆ ನಾನು ಹಕ್ಕಿನಿಂದ ಕೂತೆ. ದಿನವೂ ಒಂದು ಗಂಟೆ ಮುಂಚೆ ಎದ್ದು, ಸ್ನಾನ ಮುಗಿಸಿ, ಹಿಂದಿನ ಜಗಲಿಯಲ್ಲಿ ಹಾಜರಿ. ಸಾರು ಹೇಗೆ ರುಚಿ ಕಟ್ಟುತ್ತದೆ ಎಂಬುದನ್ನು ವಿಜ್ಞಾನದ ಮಾಸ್ಟ್ರಿಂದ ಕೇಳಿ ತಿಳಿದುಕೊಂಡು ಬಂದು ಅವರಿಗೆ ವಿವರಿಸಿದೆ. ಗಂಜಿಗೆ ಇನ್ನೊಂದು ಕಲ್ಲು ಉಪ್ಪು ಬೇಕೆಂದೆ. ಮಿಡಿ ಸ್ವಲ್ಪ ಮೆತ್ತಗಾಗಿದೆ ಎಂದೆ. ನಾನು ಕೂತ ಕೂಡಲೇ ಅಮ್ಮ ನೀಡಿದ ಕಾಲು ಮಡಚಿಕೊಳ್ಳುತ್ತಿದ್ದಳು. ಸುಮತಿ ಕೂರುತ್ತಲೇ ಇರಲಿಲ್ಲ. ನೀರು, ಸೌಟು, ಇನ್ನೊಂದು ಹೋಳು ಎಂದು ಒಳಗೂ ಹೊರಗೂ ಓಡಾಟ. ಜಲಜಕ್ಕ ನಾಲ್ಕನೆಯ ದಿನದಿಂದ ಬರುವುದನ್ನೇ ಬಿಟ್ಟಳು. ನಗು ಎಂಬುದು ಆ ಜಗಲಿಯಿಂದ ಎದ್ದುಹೋಯಿತು. ವಾರ ಕಳೆಯುವುದರೊಳಗೆ ಸಾರೂ ಉಳಿಯದಾಯಿತು, ಅಮ್ಮ ನಾಲ್ಕೇ ಮೀನು ತೆಗೆದುಕೊಳ್ಳತೊಡಗಿದಳು. ನಾನು ಸುಮತಿಯನ್ನು ಕೇಳಿಯೇಬಿಟ್ಟೆ, ನಾನು ತಂಗಳು ಉಂಡರೆ ನಿಮಗೇನು ಸಂಕಟ ಎಂದು. ಅವಳು ಪಾತ್ರೆ ತೊಳೆಯುತ್ತಿದ್ದವಳು ತಿರುಗಿಯೂ ನೋಡದೆ ಮೆತ್ತಗೆ ಹೇಳಿದಳು.

"ತಂಗ್ಳ್ ನೀವೇ ಉಣ್ಣಿ, ನಂಗೆ ಬೇಜಾರಿಲ್ಲ. ಆದ್ರೆ ಇಡೀ ದಿನಕ್ಕೆ ಅದೊಂದ್ ಹೊತ್ತ್ ಮಾತ್ರ ನಾವ್ ಯಾರಿಗೂ ಬಡ್ಸುಕಿಲ್ಲ."

ನನ್ನ ಭಾಷಣ ಇಪ್ಪತ್ತು ನಿಮಿಷದ್ದು. ಇವಳದು ಎರಡೇ ವಾಕ್ಯ, ಚಪ್ಪಾಳೆಯೂ ಇಲ್ಲ. ನನಗೆ ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಮರುದಿನ ಬೆಳಿಗ್ಗೆ ನಾನಾಗಿಯೇ ಎದುರು ಕೋಣೆಯ ಮೇಜಿಗೆ ಹೋಗಿ, ಹೊಟ್ಟೆ ಸರಿಯಿಲ್ಲ, ಉಪ್ಪಿಟ್ಟು ಇದ್ದರೆ ಒಳ್ಳೆಯದಿತ್ತು ಎಂದೆ. ಅಮ್ಮ ಎಷ್ಟು ಸಂತೋಷದಿಂದ ರವೆ ಹುರಿದಳೆಂದರೆ ಆ ದಿನದ ಉಪ್ಪಿಟ್ಟಿಗೆ ಗೋಡಂಬಿ ಬಿದ್ದಿತ್ತು. ರಾತ್ರಿ ಊಟಕ್ಕೆ ಕೂತಾಗ ಎರಡನೆಯ ಹೋಳು ಬೇಡವೆನ್ನುವ ಅಭ್ಯಾಸವನ್ನೂ ಮಾಡಿಕೊಂಡೆ. ಬೆಳಿಗ್ಗೆ ಮಡಕೆಯಲ್ಲಿ ಏನಾದರೂ ಉಳಿಯಬೇಕಲ್ಲ! ಇದರಿಂದ ಅಮ್ಮನಿಗೆ ಬೇರೆಯೇ ಭಯ ಹುಟ್ಟಿತು. ಮೀನು ಬೇಡ ಎನ್ನುವ ಮಗನನ್ನು ತಾನು ಹೆತ್ತಿಲ್ಲ, ಇದು ಸಕ್ಕರೆ ಕಾಯಿಲೆಯೇ ಸೈ ಎಂದು ಹೇಳಿ ನನ್ನ ರಕ್ತ ಪರೀಕ್ಷೆ ಮಾಡಿಸಿದಳು. ಏನೂ ಇರಲಿಲ್ಲ. ಹೊಟ್ಟೆ ತುಂಬ ಉಣ್ಣಿ ಎಂದು ಡಾಕ್ಟರು ಬೈದು ಕಳಿಸಿದರು. ಅಷ್ಟರಲ್ಲಿ ಜಲಜಕ್ಕ ಜಗಲಿಗೆ ವಾಪಸು ಬಂದಿದ್ದಳು. ನಾನು ಬೈಕು ಹೊರಡಿಸುವ ಮೊದಲೇ ಹಿಂದಿನಿಂದ ನಗು ಶುರುವಾಗುತ್ತಿತ್ತು. ನನ್ನನ್ನೇ ಕುರಿತು ಎಂದು ಗೊತ್ತಿದ್ದೂ ಕೇಳಲು ಹಿತವಾಗಿರುತ್ತಿತ್ತು.

ಕಳೆದ ವಾರ ಶಾಲೆಯಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದೆ. ಅನ್ನದ ಕೆಳಗೆ ಇನ್ನೊಂದು ಸಣ್ಣ ಡಬ್ಬಿ ಇತ್ತು. ಮುಚ್ಚಳ ತೆಗೆದರೆ ಬತ್ತಿಸಿದ ಬಂಗುಡೆ ಸಾರು, ಎರಡು ಹೋಳು, ಅದರಲ್ಲೊಂದು ತಲೆಯ ಕಡೆಯದು. ಸುಮತಿ ಬೆಳಿಗ್ಗೆ ಒಂದು ಮಾತೂ ಹೇಳಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಸ್ಟಾಫ್ ರೂಮಿನಲ್ಲಿ ಕಾಲು ನೀಡಿ ಕೂತುಬಿಟ್ಟೆ. ಮೇಜಿನ ಆ ತುದಿಯಲ್ಲಿದ್ದ ಗಣಿತದ ಮಾಸ್ಟ್ರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ, ಬೆಳಿಗ್ಗೆ ಎಂಟು ಗಂಟೆಗೆಲ್ಲ ಮೀನು ಅಡುಗೆ ಆಗುತ್ತದಾ ನಿಮ್ಮಲ್ಲಿ ಎಂದು ಕೇಳಿದರು. ಇಲ್ಲ, ನಿನ್ನೆಯದು ಎಂದೆ. ಅವರ ಮುಖ ಬಾಡಿತು.

"ಅಯ್ಯೋ ಪಾಪ! ಇಷ್ಟ್ ವರ್ಷ ಸರ್ವಿಸ್ ಆದವ್ರಿಗೂ ತಂಗ್ಳೇ ಕಟ್ಟಿ ಕಳ್ಸ್ತಾರಾ ಮಾಸ್ಟ್ರೆ?"

ನಾನು ಡಬ್ಬಿಯನ್ನು ಒಂದಿಷ್ಟು ನನ್ನ ಕಡೆಗೆ ಎಳೆದುಕೊಂಡೆ. ನಿಜ ಹೇಳಿಬಿಡಬಹುದಿತ್ತು. ಆದರೆ ಬಾಯಲ್ಲಿ ಮೀನಿತ್ತು. ಮುಖವನ್ನು ಆದಷ್ಟು ಸಣ್ಣದು ಮಾಡಿಕೊಂಡು, ಎಂತ ಮಾಡುವುದು ಸಾರ್, ಹಣೆಬರಹ ಎಂದೆ. ಅವರಿಗೆ ಎಷ್ಟು ಮರುಕ ಹುಟ್ಟಿತೆಂದರೆ, ತಮ್ಮ ಬುತ್ತಿಯಿಂದ ಇನ್ನೂ ಬಿಸಿ ಆರದ ಎರಡು ಪೂರಿ ತೆಗೆದು, ಮೀನಿಗೆ ತಾಗದ ಹಾಗೆ ದೂರದಿಂದಲೇ ನನ್ನ ಮುಚ್ಚಳಕ್ಕೆ ಹಾಕಿದರು. ಅವನ್ನೂ ತಿಂದೆ.